ಆರ್ವಿಲ್‌ಗೆ ಉಳಿದ ಒಂದು ಮಾತು

ಆರ್ವಿಲ್ ಹೌಗನ್‌ಗೆ ಮಾತು ಹೋಯಿತು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿತ್ತು. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾತು ಎಲ್ಲಿ ಹೋಗಿತ್ತು? ಒಂದು ಉಳಿದಿತ್ತಲ್ಲ. ಆ ಒಂದನ್ನೇ ಇಟ್ಟುಕೊಂಡು ಅವನು ಮಾಡಿದ್ದನ್ನು ಕಣ್ಣಾರೆ ಕಂಡವಳು ನಾನು, ಬರ್ನಿಸ್. ಅವನ ಪಕ್ಕದ ಹೊಲದವಳು, ಚರ್ಚಿಗಾಗಿ ಕೌದಿ ಹೊಲಿಯುವ ಹೆಂಗಸರ ಪೈಕಿ ಬಾಯಿ ಸ್ವಲ್ಪ ಜೋರಾಗಿರುವವಳು. ಹಾಗಾಗಿ ಇದನ್ನು ನಾನೇ ಹೇಳಬೇಕು.

ಮಿನ್ನೆಸೋಟಾದ ಈ ಪಶ್ಚಿಮದ ಕಡೆ ಹರಾಜು ಕೂಗುವವರಿಗೇನೂ ಬರವಿಲ್ಲ. ಆದರೆ ಆರ್ವಿಲ್‌ನ ಹಾಗೆ ಕೂಗಿದವರನ್ನು ನಾನು ಕಾಣೆ. ಟ್ರ್ಯಾಕ್ಟರ್ ಇರಲಿ, ಹಸು ಇರಲಿ, ತೀರಿಹೋದ ಯಾರದೋ ಅತ್ತೆಯ ಊಟದ ಮೇಜಿರಲಿ, ಚೌಕಳಿ ಅಂಗಿ ತೊಟ್ಟು ನಿಂತನೆಂದರೆ ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಮಾತು. ಕೂಗುತ್ತ ಕೂಗುತ್ತ ಸಟ್ಟನೆ ನಿಲ್ಲಿಸಿ, ಕನ್ನಡಕದ ಮೇಲಿಂದ ಯಾರೋ ಒಬ್ಬನನ್ನು ದಿಟ್ಟಿಸಿ, "ವೆಲ್?" ಅನ್ನುತ್ತಿದ್ದ. ಅಷ್ಟೇ. ಆ ಮನುಷ್ಯನ ಕೈ ತಾನಾಗಿ ಮೇಲೆ ಹೋಗುತ್ತಿತ್ತು.

ನಮ್ಮೂರಲ್ಲಿ ವೆಲ್ ಅನ್ನದೆ ಮಾತು ಶುರುವಾಗುವುದಿಲ್ಲ, ಮುಗಿಯುವುದೂ ಇಲ್ಲ. ಮಗು ಲೋಟ ಒಡೆದರೆ ವೆಲ್. ಆಲಿಕಲ್ಲು ಬಿದ್ದು ಬೆಳೆ ನೆಲಕಚ್ಚಿದರೂ ವೆಲ್, ಆದರೆ ಅದನ್ನು ಟೋಪಿ ತೆಗೆದು, ಉಸಿರು ಬಿಟ್ಟು ಹೇಳುತ್ತೇವೆ. ಪಕ್ಕದ ಮನೆಯವನು ಹೊಸ ಟ್ರಕ್ ತಂದರೆ ಎರಡು ವೆಲ್, ಎರಡನೆಯದು ಕೊಂಚ ಉದ್ದ. ಯಾರದಾದರೂ ಮನೆಯಿಂದ ಹೊರಡಬೇಕಾದರೆ ಎರಡೂ ಕೈಯಿಂದ ತೊಡೆ ತಟ್ಟಿಕೊಂಡು ವೆಲ್ ಅನ್ನಬೇಕು. ಅನ್ನದೆ ಎದ್ದರೆ ಮುನಿಸಿಕೊಂಡು ಹೋದರು ಅಂತ ಅರ್ಥ. ಅಂದ ಮೇಲೂ ಬಾಗಿಲಲ್ಲಿ ಅರ್ಧ ಗಂಟೆ, ಕಾರಿನ ಹತ್ತಿರ ಇನ್ನರ್ಧ ಗಂಟೆ ನಿಂತೇ ಇರುತ್ತೇವೆ, ಅದು ಬೇರೆ ಮಾತು.

ನಮ್ಮ ಜನರ ಸ್ವಭಾವವೇ ಹಾಗೆ, ಯಾವುದಕ್ಕೂ ಅವಸರವಿಲ್ಲ. ಕಾಫಿ ಬೇಕಾ ಎಂದರೆ ಬೇಡ ಅನ್ನುತ್ತಾರೆ. ಮತ್ತೆ ಕೇಳಿದರೂ ಬೇಡ. ಮೂರನೆಯ ಸಲ ಕೇಳಿದರೆ "ಅರ್ಧ ಕಪ್ ಕೊಡು" ಎಂದು ಎರಡು ಕಪ್ ಕುಡಿಯುತ್ತಾರೆ. ಹರಾಜಿನಲ್ಲೂ ಇದೇ ಕಥೆ. ಮೊದಲ ಕೂಗಿಗೆ ಕೈ ಎತ್ತಿದರೆ ಆಸೆಬುರುಕ ಅಂದುಕೊಂಡಾರು ಎಂಬ ನಾಚಿಕೆ. ಆರ್ವಿಲ್‌ಗೆ ಇದು ಗೊತ್ತಿದ್ದರಿಂದ ಕಾಯುತ್ತಿದ್ದ.

ಇನ್ನೊಂದು ಕಟ್ಟುಪಾಡೂ ಇದೆ. ತಮ್ಮದೇ ವಸ್ತುವಿಗೆ ಯಾರಾದರೂ ತಾವೇ ಕೈ ಎತ್ತಿದರೆ ಬೇರೆಯವರು ಎತ್ತಬಾರದು. ನಮ್ಮ ಅಜ್ಜಂದಿರ ಕಾಲದಲ್ಲಿ ಬ್ಯಾಂಕಿನವರು ಹೊಲ ಮನೆ ಹರಾಜಿಗೆ ಹಾಕಿದಾಗ ನೆರೆಹೊರೆಯವರೆಲ್ಲ ಬಾಯಿ ಮುಚ್ಚಿಕೊಂಡು ನಿಂತು, ಅವರವರದನ್ನು ಅವರವರಿಗೇ ಉಳಿಸಿಕೊಟ್ಟಿದ್ದರಂತೆ. ಅಲ್ಲಿಂದ ಬಂದದ್ದು. ಒಬ್ಬ ವಿಧವೆ ಗಂಡನ ಪಿಟೀಲಿಗೆ ಕೈ ಎತ್ತಿದಾಗ ಅಂಗಳದಲ್ಲಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡುತ್ತ ನಿಂತದ್ದು ನನಗಿನ್ನೂ ನೆನಪಿದೆ. ಆರ್ವಿಲ್ ಒಂದು ಡಾಲರಿಗೆ ಸುತ್ತಿಗೆ ಬಡಿದು ಅದನ್ನು ಅವಳಿಗೇ ಕೊಟ್ಟಿದ್ದ.

ಇಂಥವನಿಗೆ ಹೋದ ವಸಂತದಲ್ಲಿ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಇದ್ದಬದ್ದ ಮಾತಿನಲ್ಲಿ ಬಾಯಿಗೆ ಬರುತ್ತಿದ್ದದ್ದು ವೆಲ್ ಒಂದೇ. ತಿಳಿವಳಿಕೆಗೆ ಏನೂ ಆಗಿಲ್ಲ, ಹೇಳಿದ್ದೆಲ್ಲ ಅರ್ಥವಾಗುತ್ತದೆ ಎಂದರು ಡಾಕ್ಟರು. ಅರ್ಥವಾಗಿದ್ದೇ ಕಷ್ಟವಾಯಿತು. ಆಸ್ಪತ್ರೆಯಿಂದ ಮನೆಗೆ ಬಂದವನು ಹರಾಜಿನ ಚೌಕಳಿ ಅಂಗಿಗಳನ್ನೆಲ್ಲ ಎಡಗೈಯಲ್ಲಿ ಎಳೆದು ತಂದು ಚಿಂದಿ ಬುಟ್ಟಿಗೆ ತುರುಕಿದ. ಆಮೇಲೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ. ಬೇಸಿಗೆ ಕಳೆಯಿತು, ಅವನು ಅಲ್ಲಿಂದ ಕದಲಲಿಲ್ಲ. ಯಾರಾದರೂ ನೋಡಲು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇದ್ದ ಆ ಒಂದು ಮಾತನ್ನೂ ಆಡುತ್ತಿರಲಿಲ್ಲ.

ಬೇಸಿಗೆಯ ಶುರುವಿನಲ್ಲೇ ಒಂದು ದಿನ ಅವನ ಹೆಂಡತಿ ಆರ್ಡಿಸ್ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು.

"ಅವನಿಗೆ ಏನೂ ಬೇಡ ಕಣೇ ಬರ್ನಿಸ್. ತಟ್ಟೆ ಮುಂದಿಟ್ರೆ ತಿಂತಾನೆ, ಇಡದಿದ್ರೆ ಕೇಳಲ್ಲ. ಪೈ ಬೇಕಾ ಅಂದ್ರೆ ತಲೆ ಅಲ್ಲಾಡಿಸ್ತಾನೆ. ಹೊರಗೆ ಹೋಗೋಣ್ವಾ ಅಂದ್ರೂ ಅಷ್ಟೇ. ಮೂರ್ನೇ ಸಲ ಕೇಳಿದ್ರೂ ಬೇಡ ಅಂತಾನೆ. ಹಿಂಗೇ ಕೂತ್ರೆ ಬರೋ ಚಳಿಗಾಲ ದಾಟಲ್ಲ ಅವನು."

ಮೂರನೆಯ ಸಲವೂ ಬೇಡ ಎಂದರೆ ನಮ್ಮ ಕಡೆ ಅದು ಸಣ್ಣ ವಿಷಯವಲ್ಲ.

ಅವಳ ಚೀಲದಲ್ಲಿ ಆ ಅಂಗಿಗಳಿದ್ದವು. ಎಸೆಯಲು ಮನಸ್ಸು ಬಂದಿರಲಿಲ್ಲ. "ಮನೇಲಿಟ್ರೆ ಅವನ ಕಣ್ಣಿಗೆ ಬಿದ್ದು ಸಂಕಟ ಪಡ್ತಾನೆ. ಇಲ್ಲೇ ಕೂತು ಕೌದಿ ಹೊಲೀತೀನಿ, ಚರ್ಚಿನ ಹರಾಜಿಗೆ ಹಾಕೋಣ. ಯಾರಾದ್ರೂ ಬೆಚ್ಚಗೆ ಹೊದ್ಕೊಳ್ಲಿ," ಎಂದಳು. ಬೇಸಿಗೆಯುದ್ದಕ್ಕೂ ನಮ್ಮ ಮನೆಯಲ್ಲೇ ಹೊಲಿದಳು.

ಶರತ್ಕಾಲದ ಚರ್ಚಿನ ಊಟ, ಕೌದಿ ಹರಾಜು ಹತ್ತಿರ ಬಂತು. ನಾನು ಆರ್ವಿಲ್‌ನ ಎದುರು ಹೋಗಿ ಕೂತೆ. ಅವನು ಕಣ್ಣು ಮುಚ್ಚಿದ.

"ಕಣ್ಣು ಮುಚ್ಚಿದ್ರೆ ನಾನು ಮಾಯ ಆಗ್ತೀನಾ? ನಿನ್ನ ಕಿವಿ ಚೆನ್ನಾಗಿದೆ ಅಂತ ಡಾಕ್ಟ್ರು ಹೇಳಿದಾರೆ, ಕೇಳಿಸ್ಕೋ. ಈ ಸಲ ಹರಾಜು ಕೂಗೋಕೆ ಪಾಸ್ಟರ್ ತಮ್ಮ ಭಾವಮೈದುನನ್ನ ಕರೆಸ್ತಿದಾರೆ. ಸಿಟಿಯವನು. ಮೈಕು ಗೀಕು ಎಲ್ಲ ತರ್ತಾನಂತೆ."

ಒಂದು ಕಣ್ಣು ತೆರೆಯಿತು.

"ನೀನೇನೂ ಕೂಗ್ಬೇಡ ಮಾರಾಯ. ಊಟಕ್ಕೆ ಬಾ ಸಾಕು. ಇಲ್ಲಾಂದ್ರೆ ಕುರ್ಚಿ ಸಮೇತ ಎತ್ಕೊಂಡು ಹೋಗೋಕೆ ನನ್ನ ಗಂಡನ್ನ ಕಳಿಸ್ತೀನಿ."

ಬಂದ. ಚರ್ಚಿನ ನೆಲಮಾಳಿಗೆಯ ಕಡೇ ಸಾಲಿನಲ್ಲಿ, ಗೋಡೆಗೆ ಒರಗಿ, ಯಾರ ಮುಖವನ್ನೂ ನೋಡದೆ ಕೂತ. ಆರ್ಡಿಸ್ ಮಾಂಸದುಂಡೆಯನ್ನು ಕತ್ತರಿಸಿ ಕೊಟ್ಟಳು. ಆಲೂಗಡ್ಡೆಯ ತೆಳು ರೊಟ್ಟಿಗೆ ಬೆಣ್ಣೆ, ಸಕ್ಕರೆ ಸವರಿ ಸುತ್ತಿ ಕೊಟ್ಟಳು. ತಿಂದ.

ಊಟ ಮುಗಿದ ಮೇಲೆ ಹರಾಜು. ಮುಂದೆ ಹಗ್ಗ ಕಟ್ಟಿ ಒಂದೊಂದೇ ಕೌದಿಯನ್ನು ಆರ್ಡಿಸ್ ನೇತುಹಾಕಬೇಕು, ಆ ಭಾವಮೈದುನ ಕೂಗಬೇಕು. ಅವನು ಕೂಗಿದ. "ಯಾರು? ಯಾರು? ಈ ಕಡೆ ಯಾರಾದ್ರೂ? ಯಾರೂ ಇಲ್ವಾ? ಸರಿ, ಮುಂದಿನದು." ನಮ್ಮವರು ನಾಚಿಕೆಯಿಂದ ಇನ್ನೂ ಬೂಟು ನೋಡಿಕೊಳ್ಳುವುದನ್ನೇ ಮುಗಿಸಿರಲಿಲ್ಲ, ಅಷ್ಟರಲ್ಲಿ ಕೌದಿ ಕೆಳಗಿಳಿಯಿತು. ಎರಡನೆಯದಕ್ಕೂ ಅದೇ ಗತಿ. ಯಾರಿಗೂ ಬೇಡವೆಂದುಕೊಂಡ ಪುಣ್ಯಾತ್ಮ. ಇಡೀ ಚಳಿಗಾಲ ಬೆರಳು ಚುಚ್ಚಿಸಿಕೊಂಡು ಹೊಲಿದವರು ನಾವು. ಅವನ ಮೈಕನ್ನು ಕಿತ್ತು ಅವನ ತಲೆಗೇ ಕುಕ್ಕೋಣ ಅನ್ನಿಸಿತು.

"ವೆಲ್."

ಹಿಂದಿನಿಂದ ಬಂತು. ತುಂಟ ಮಕ್ಕಳನ್ನು ಗದರಿಸುವಾಗಿನ ವೆಲ್ ಅದು, ಗಟ್ಟಿಯಾಗಿ. ಎಲ್ಲರೂ ತಿರುಗಿದರು. ಆರ್ವಿಲ್ ಎದ್ದು ನಿಂತಿದ್ದ. ಕಾಲೆಳೆದುಕೊಂಡು ಮುಂದೆ ಹೋಗಿ ಎಡಗೈ ಚಾಚಿದ. ಭಾವಮೈದುನ ತೆಪ್ಪಗೆ ಸುತ್ತಿಗೆ ಕೊಟ್ಟುಬಿಟ್ಟ.

"ಆರ್ವಿಲ್, ಆಯಾಸ ಆಗುತ್ತೆ ನಿಮ್ಗೆ. ಯಾಕೆ ಸುಮ್ನೆ," ಎಂದರು ಪಾಸ್ಟರ್ ಟ್ರೆವರ್. ನಮ್ಮೂರಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ ಅವರಿಗೆ.

"ವೆಲ್," ಎಂದ ಆರ್ವಿಲ್, ಚುಟುಕಾಗಿ. ಪಾಸ್ಟರ್ ಬಂದು ನನ್ನ ಪಕ್ಕ ಕೂತರು.

ಕೆಳಗಿಳಿಸಿದ್ದ ಕೌದಿಗಳನ್ನು ಮತ್ತೆ ಹಗ್ಗಕ್ಕೆ ಹಾಕಿಸಿದ. ಮೆಲ್ಲಗೆ, ಒಳಗೆ ಬನ್ನಿ ಎಂದು ಕರೆದ ಹಾಗೆ, ಒಂದು ವೆಲ್. ಕಾದ. ಇನ್ನೊಂದು, ಸ್ವಲ್ಪ ರಾಗವಾಗಿ. ಕಾದ. ಮೂರನೆಯದಕ್ಕೆ ಒಂದು ಕೈ ಮೇಲೆದ್ದಿತು, ಬೆಲೆಯನ್ನು ಕೈ ಎತ್ತಿದವರೇ ಕೂಗಿಕೊಂಡರು. ಅವನು ಪಕ್ಕದವರ ಕಡೆ ತಿರುಗಿ, ಬಿಟ್ಟುಕೊಡ್ತೀಯೇನು ಎಂದು ಕೆಣಕುವ ಹಾಗೆ "ವೆಲ್?" ಎಂದ. ಅಲ್ಲೂ ಕೈ ಎದ್ದಿತು. ಒಬ್ಬ ಜಿಪುಣ ಮುದುಕನ ಮುಂದೆ ನಿಂತು ಕನ್ನಡಕದ ಮೇಲಿಂದ ನೋಡಿದ.

"ಹಂಗೆ ನೋಡ್ಬೇಡ ಮಾರಾಯ. ನಮ್ಮನೇಲಿ ಆಗ್ಲೇ ನಾಲ್ಕು ಕೌದಿ ಇದೆ."

"ವೆಲ್."

"ಇರೋನು ನಾನೊಬ್ನೇ ಕಣೋ."

"ವೆಲ್," ಎಂದ, ಪಾಪ ಅನ್ನುವ ದನಿಯಲ್ಲಿ.

"ಆಯ್ತಪ್ಪ, ಐದಾಗ್ಲಿ ಬಿಡು."

ನಕ್ಕು ನಕ್ಕು ನಮಗೆ ಕಣ್ಣಲ್ಲಿ ನೀರು. ಬಾಯಿ ತುಂಬ ಮಾತಿದ್ದ ಕಾಲದಲ್ಲೂ ಅವನು ಇಷ್ಟು ಚೆನ್ನಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟು ಹೆಮ್ಮೆಯಾಯಿತು ಆ ಮನುಷ್ಯನ ಬಗ್ಗೆ. ಎಲ್ಲ ಕೌದಿಗಳೂ ಹೋದವು, ಒಂದನ್ನು ಬಿಟ್ಟು.

ಆ ಕೊನೆಯದನ್ನು ಆರ್ಡಿಸ್ ಹಗ್ಗಕ್ಕೆ ಹಾಕಿ ಪಕ್ಕಕ್ಕೆ ಸರಿದಳು. ಕೆಂಪು, ನೀಲಿ, ಹಸಿರು ಚೌಕಳಿ. ಆರ್ವಿಲ್ ತಿರುಗಿ ನೋಡಿದ, ಗುರುತು ಹಿಡಿದ. ನಡುವೆ ಒಂದು ಜೇಬನ್ನು ಅವಳು ಬಿಚ್ಚದೆ ಹಾಗೇ ಉಳಿಸಿದ್ದಳು, ಅವನು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದ ಜೇಬು. ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಅದರೊಳಗೆ ಎರಡು ಬೆರಳು ಹಾಕಿ ನೋಡಿದ. ಆಮೇಲೆ ನಮ್ಮ ಕಡೆ ತಿರುಗಿ, ತನ್ನ ಎಡಗೈಯನ್ನು ಮೇಲೆತ್ತಿದ.

ಆರು ತಿಂಗಳಲ್ಲಿ ಆ ಮನುಷ್ಯ ಬೇಕು ಎಂದದ್ದು ಅದೇ ಮೊದಲು. ಆರ್ಡಿಸ್ ಏಪ್ರನ್ನನ್ನು ಬಾಯಿಗೆ ಒತ್ತಿಕೊಂಡಳು.

ನೆಲಮಾಳಿಗೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿ ಬೂಟು ನೋಡತೊಡಗಿದರು. ಆದರೆ ಆರ್ವಿಲ್ ನ್ಯಾಯವಂತ. ತನಗೇ ಆದರೂ ಮೂರು ಸಲ ಕೇಳದೆ ಬಿಡುವವನಲ್ಲ.

"ವೆಲ್?" ಎಂದ. ಯಾರೂ ಮಿಸುಕಲಿಲ್ಲ. "ವೆಲ್?"

ನನ್ನ ಪಕ್ಕದಲ್ಲಿ ಪಾಸ್ಟರ್ ಕೈ ಎತ್ತಲು ಹೋದರು. ಗಬಕ್ಕನೆ ಹಿಡಿದುಕೊಂಡೆ.

"ಯಾರೂ ಕೇಳ್ತಿಲ್ಲ ಬರ್ನಿಸ್," ಎಂದು ಪಿಸುಗುಟ್ಟಿದರು. "ಅವರ ಹೆಂಡ್ತಿ ಹೊಲಿದ ಕೌದಿ. ಬೇಜಾರಾಗಲ್ವಾ ಅವ್ರಿಗೆ?"

"ಅವರದು ಅಂತಾನೇ ಯಾರೂ ಕೇಳ್ತಿಲ್ಲ. ಕೈ ಇಳಿಸಿ. ಇಲ್ದಿದ್ರೆ ಮುರೀತೀನಿ, ಪಾಸ್ಟರ್ ಅಂತ ನೋಡಲ್ಲ."

ಇಳಿಸಿದರು.

"ವೆಲ್?" ಎಂದ ಆರ್ವಿಲ್, ಮೂರನೆಯ ಸಲ.

ಇನ್ನು ಸುತ್ತಿಗೆ ಬಡಿಯಬೇಕು. ಬಡಿಯಲು ಇರುವುದು ಒಂದೇ ಕೈ, ಆ ಕೈ ಮೇಲಿದೆ. ಇಳಿಸಿದರೆ ನಮ್ಮ ಹರಾಜಿನಲ್ಲಿ ಬಿಟ್ಟುಕೊಟ್ಟ ಹಾಗೆ. ಅವನು ಸುತ್ತಿಗೆ ನೋಡಿದ, ಕೈ ನೋಡಿದ, ಇಳಿಸಲಿಲ್ಲ.

ಆಗ ಆರ್ಡಿಸ್ ಮೇಜಿನ ಹತ್ತಿರ ಬಂದಳು. ಮದುವೆಯಾದಾಗಿನಿಂದ ಗಂಡನ ಹರಾಜುಗಳಲ್ಲಿ ಕಾಫಿ ಹಂಚಿದವಳು, ಎಂದೂ ತುಟಿ ಬಿಚ್ಚಿದವಳಲ್ಲ. ಸುತ್ತಿಗೆ ಎತ್ತಿಕೊಂಡು ಒಂದೇ ಏಟು ಬಡಿದಳು.

"ವೆಲ್," ಎಂದಳು.

ಕೌದಿಯನ್ನು ಹಗ್ಗದಿಂದ ಎಳೆದು ಅವನ ಹೆಗಲಿಗೆ ಹೊದಿಸಿದಳು. ಆಮೇಲೆಯೇ ಆರ್ವಿಲ್ ಕೈ ಇಳಿಸಿದ.