ಸಿಕ್ಕು ಬಿಡಿಸುವ ದೊಡ್ಡಮ್ಮ
ನಮ್ಮ ಬೀದಿಯ ಯಾವ ಬೆಕ್ಕಿನ ಕೂದಲು ಸಿಕ್ಕಾದರೂ ಅದನ್ನು ಎತ್ತಿಕೊಂಡು ಬರುವುದು ಕೆಳಮನೆಯ ದೊಡ್ಡಮ್ಮನ ಬಳಿಗೇ. ಕತ್ತರಿ ಹಿಡಿದು ಬಂದವರನ್ನು ಆಕೆ ಹೊಸಿಲು ದಾಟಲು ಬಿಡುವುದಿಲ್ಲ. "ಸಿಕ್ಕು ಎಳೆದ್ರೆ ಚರ್ಮಾನೂ ಜೊತೆಗೇ ಮೇಲೆ ಬರತ್ತೆ. ಕೂದಲು ಅಂದ್ಕೊಂಡು ನೀನು ಕತ್ತರಿಸೋದು ಅದರ ಹೊಟ್ಟೇನ." ಸ್ನಾನ ಮಾಡಿಸಿ ತಂದವರಿಗೂ ಬೈಗುಳ ತಪ್ಪದು; ನೀರು ಬಿದ್ದರೆ ಸಿಕ್ಕು ಕಗ್ಗಂಟಾಗುತ್ತದೆ. ಕೊಳೆಯಾದ ಬಾಲವನ್ನು ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಸಿಕ್ಕಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಅಗಲ ಹಲ್ಲಿನ ಬಾಚಣಿಗೆ ಕೈಗೆತ್ತಿಕೊಳ್ಳುತ್ತಾಳೆ. ಎಡಗೈ ಬೆರಳುಗಳಲ್ಲಿ ಕೂದಲ ಬುಡ ಹಿಡಿದು, ಎಳೆತ ಚರ್ಮಕ್ಕೆ ತಾಗದಂತೆ, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತಾಳೆ. ಬೆಕ್ಕು ಬಾಲ ಬಡಿದರೆ ಕೆಲಸ ಅಲ್ಲಿಗೇ ನಿಂತಿತು. ಉಳಿದದ್ದಕ್ಕೆ ನಾಳೆ ಬರಬೇಕು. ನಡುವೆ ಗಂಡ ಊಟಕ್ಕೆ ಕರೆದರೆ, ಆತನೂ ನಾಳೆ ಬರಲಿ ಎಂಬಂತೆ ನೋಡುತ್ತಾಳೆ. ಮೊನ್ನೆ ರಜೆಗೆ ಬಂದಿದ್ದ ಮಗಳು ಬಾಗಿಲಿಗೊರಗಿ ಇದನ್ನೆಲ್ಲ ಬಹಳ ಹೊತ್ತು ನೋಡಿದಳು. "ಅಮ್ಮ, ಸ್ಕೂಲಿಗೆ ಹೊತ್ತಾಯ್ತು ಅಂತ ನೀನು ನನ್ನ ತಲೆ ಬಾಚ್ತಿದ್ರೆ ಕಣ್ಣಲ್ಲಿ ನೀರು ಬರೋದು. ಬುಡ ಹಿಡ್ಕೋಬೇಕು ಅಂತ ಆಗ ಗೊತ್ತಿರಲಿಲ್ವಾ?" ದೊಡ್ಡಮ್ಮನ ಬಾಚಣಿಗೆ ನಿಂತಿತು. ಮೊಣಕೈವರೆಗೆ ಹಬ್ಬಿದ, ಬೆಕ್ಕುಗಳ ಹಳೆಯ ಉಗುರುಗೀರುಗಳನ್ನು ಒಮ್ಮೆ ಸವರಿಕೊಂಡು ಆಕೆ ಹೇಳಿದಳು: "ನೀನು ಪರಚಲಿಲ್ಲ ಕಣೇ. ಪರಚಿದ್ರೆ ಅವತ್ತೇ ಕಲೀತಿದ್ದೆ."