ಕಂಪೆನಿ ಕಡೆಯ ಕಿಟಕಿ

ಮೊನ್ನೆ ತಿರುವನಂತಪುರದ ನಮ್ಮ ಫ್ಲ್ಯಾಟಿನ ತಾರಸಿಯಲ್ಲಿ ಯಾರೋ ಕರಿಬೇವಿನ ಕುಂಡಕ್ಕೆ ಹಾಕಲು ಕೋಳಿಗೊಬ್ಬರದ ಚೀಲ ಬಿಚ್ಚಿದರು. ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವ ಆ ಘಾಟಿಗೆ ಕಳಮಶ್ಶೇರಿಯ ಚೇಚಿ ನೆನಪಾದರು...

ಬ್ಯಾಂಕಿನವರು ಮೈಸೂರಿನಿಂದ ಎರ್ನಾಕುಲಕ್ಕೆ ವರ್ಗ ಮಾಡಿದಾಗ ನಾವು ಪಕ್ಕದ ಕಳಮಶ್ಶೇರಿಯಲ್ಲಿ ಬಾಡಿಗೆಗೆ ಹಿಡಿದದ್ದು ಅವರ ಮನೆಯ ಒಂದು ಭಾಗವನ್ನು. ಕಾಸರಗೋಡಿನಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವರು, ಕನ್ನಡ ಆಡಲು ಜನ ಸಿಕ್ಕರೆಂದು ಬಾಯಿ ತುಂಬ ಮಾತಾಡುತ್ತಿದ್ದರು. ಕೇರಿಗೆಲ್ಲ ಅಕ್ಕ, ಅಂದರೆ ಚೇಚಿ, ನಮಗೂ ಚೇಚಿ. ಹಿತ್ತಿಲ ಶೆಡ್ಡಿನಲ್ಲಿ ಕೋಳಿ ಸಾಕಿ, ಮೊಟ್ಟೆ ಮಾರಿ ಮಗನನ್ನು ಓದಿಸಿದವರು.

ಅವರಿಗೆ ಎಲ್ಲರ ಮೇಲೂ ಅನುಮಾನ. ಹಾಲಿನವನು, ಮೀಟರು ನೋಡುವವನು, ಬಾಡಿಗೆಗೆ ಬಂದ ನಾನು, ಯಾರನ್ನೂ ಬಿಡುತ್ತಿರಲಿಲ್ಲ. ನಾನೇನು ಕಡಿಮೆಯೇ? ಡಾಕ್ಟರು ಬರೆದ ಔಷಧಿಯನ್ನೂ ಎರಡು ಸಲ ಮೂಸಿ ನೋಡುವ ಜಾತಿ ನನ್ನದು. ಆದರೆ ಒಂದು ವಿಷಯದಲ್ಲಿ ನಮ್ಮಿಬ್ಬರ ಅನುಮಾನವೂ ಒಂದೇ ಕಡೆಗಿತ್ತು: ರಸ್ತೆಯಾಚೆಯ ಚಿಮಣಿಯ ಕಾರ್ಖಾನೆ. ಅಲ್ಲಿನವರು ಅದನ್ನು ಬರೀ ‘ಕಂಪೆನಿ’ ಎನ್ನುತ್ತಿದ್ದರು. ಗಂಟಲು ಕೆರೆದರೂ ಕಂಪೆನಿ, ಒಣಗಲು ಹಾಕಿದ ಬಟ್ಟೆ ಮಾಸಿದರೂ ಕಂಪೆನಿ, ಚೇಚಿಯ ಹಳೇ ಕೆಮ್ಮಿಗೂ ಕಂಪೆನಿ.

ಅಲ್ಲಿಗೆ ಹೋದ ಮೇಲೆ ನನ್ನ ಮಗಳಿಗೆ ಉಬ್ಬಸ ಶುರುವಾಯಿತು. ಚೇಚಿ ತಮ್ಮ ಮಗುವೇ ಎಂಬಂತೆ ಓಡಿ ಬಂದರು.

“ರಸ್ತೆ ಕಡೆ ಕಿಟಕಿ ಯಾಕೆ ತೆಗೆದದ್ದು ನೀವು? ಕಂಪೆನಿ ಗ್ಯಾಸು ಸೀದಾ ಒಳಗೆ ಬರ್ತದೆ ಮಾರಾಯ್ರೇ! ಹಿತ್ತಿಲ ಕಡೆದ್ದು ತೆಗೀರಿ.”

ಹಾಗೇ ಮಾಡಿದೆವು. ಹಿತ್ತಿಲ ಕಿಟಕಿಯ ಪಕ್ಕಕ್ಕೇ ಮಗಳ ಮಂಚ ಸರಿಸಿದೆವು. ಉಬ್ಬಸ ಇನ್ನೂ ಜಾಸ್ತಿಯಾಯಿತು.

ಅಷ್ಟರಲ್ಲಿ ರಿಪೇರಿಗೆಂದು ಕಂಪೆನಿಯನ್ನು ಕೆಲವು ವಾರ ನಿಲ್ಲಿಸಿದರು. ಚಿಮಣಿಯಲ್ಲಿ ಹೊಗೆಯ ಸುಳಿವಿಲ್ಲ. ಮನೆಯೊಳಗಿನ ಘಾಟು ಮಾತ್ರ ಹಾಗೇ ಇತ್ತು, ಮಗಳ ಎದೆಯ ಗೊರಗೊರವೂ ಹಾಗೇ ಇತ್ತು.

“ಸುಳ್ಳು! ಕದ್ದು ನಡೆಸ್ತಾ ಇದ್ದಾರೆ,” ಎಂದು ಚೇಚಿ ನನ್ನನ್ನು ಗೇಟಿನವರೆಗೆ ಎಳೆದುಕೊಂಡು ಹೋದರು. ವಾಚ್‌ಮನ್ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಅವನ ಮೇಲೂ ಅನುಮಾನಪಟ್ಟು ವಾಪಸು ಬಂದರು.

ನನ್ನ ಅನುಮಾನ ಅಲ್ಲಿಂದ ಅವರ ಶೆಡ್ಡಿನ ಕಡೆ ತಿರುಗಿತು. ಅದರೊಳಗೆ ಅವರು ಯಾರನ್ನೂ ಬಿಡುತ್ತಿರಲಿಲ್ಲ, ಹೊರಗಿನವರ ಚಪ್ಪಲಿಯಿಂದ ಕೋಳಿಗೆ ರೋಗ ಬರುತ್ತದಂತೆ. ಚಪ್ಪಲಿ ಬಿಟ್ಟೇ ಬರುತ್ತೇನೆ, ತೋರಿಸಿ ಎಂದು ಪಟ್ಟು ಹಿಡಿದೆ. ಮುಖ ಗಂಟು ಹಾಕಿಕೊಂಡು ಬಾಗಿಲು ತೆಗೆದರು.

ನೀರಿನ ಪೈಪು ತೊಟ್ಟಿಕ್ಕಿ, ನೆಲಕ್ಕೆ ಹಾಸಿದ ಮರದ ಹೊಟ್ಟು ಹಿಕ್ಕೆಯ ಜೊತೆ ಸೇರಿ ಗಸಿಯಂತಾಗಿತ್ತು. ಒಣಗಿದ ಕಡೆ ಪೊರಕೆ ತಾಗಿದರೆ ಧೂಳು.

“ಎಂತ ವಾಸನೆ? ನನಗೆ ಎಂತದೂ ಇಲ್ಲ,” ಎಂದರು ಚೇಚಿ.

“ಕೋಳಿಯಷ್ಟು ಎತ್ತರಕ್ಕೆ ಕೂತು ನೋಡಿ ಚೇಚಿ,” ಎಂದೆ.

ಕುಕ್ಕರುಗಾಲಲ್ಲಿ ಕೂತು ಮುಖ ಬಗ್ಗಿಸಿದರು. ಕಣ್ಣಲ್ಲಿ ಧಾರಾಕಾರ ನೀರು. ಕೆಮ್ಮುತ್ತಾ ಎದ್ದು, ನಮ್ಮ ಹಿತ್ತಿಲ ಕಿಟಕಿಯನ್ನು ನೋಡಿದರು...

“ಅಯ್ಯೋ, ಈ ಕಿಟಕಿ ತೆಗೀಲಿಕ್ಕೆ ಹೇಳಿದ್ದು ನಾನೇ ಅಲ್ವಾ!”

ಆ ವಾರವೇ ಪೈಪು ಸರಿಯಾಯಿತು. ಒದ್ದೆ ಹೊಟ್ಟನ್ನೆಲ್ಲ ಬಾಚಿಸಿ, ದೂರದ ಮೂಲೆಯಲ್ಲಿ ರಾಶಿ ಹಾಕಿಸಿ, ಟಾರ್ಪಾಲಿನ್ ಮುಚ್ಚಿಸಿದರು. ನೆಲಕ್ಕೆ ಒಣಗಿದ ತೆಂಗಿನ ನಾರಿನ ಪುಡಿ ಬಿತ್ತು. ಮಗಳು ನಿಧಾನವಾಗಿ ಸುಧಾರಿಸಿಕೊಂಡಳು, ನನಗೂ ಹೋದ ಜೀವ ಬಂತು. ಚೇಚಿಯ ಕೆಮ್ಮು ಮಾತ್ರ ಬಿಡಲಿಲ್ಲ. ಅಷ್ಟು ವರ್ಷ ಆ ಶೆಡ್ಡಿನಲ್ಲೇ ಉಸಿರಾಡಿದವರು...

ನಾವು ತಿರುವನಂತಪುರಕ್ಕೆ ಬಂದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹೋದೆ. ಅಂಗಳದಲ್ಲಿ ನೆರೆದವರೆಲ್ಲ ಕಂಪೆನಿಯೇ ಕೊಂದಿತು ಎನ್ನುತ್ತಿದ್ದರು. ನಾನು ಅವರ ಮಗನನ್ನು ಪಕ್ಕಕ್ಕೆ ಕರೆದು, ಶೆಡ್ಡಿನ ನೆಲ ಒದ್ದೆಯಾಗದಂತೆ ನೋಡಿಕೊ, ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊ ಎಂದು ಶುರು ಮಾಡಿದೆ. ಅವನು ನನ್ನನ್ನೇ ಮೇಲಿಂದ ಕೆಳಗೆ ನೋಡಿ ಮಲಯಾಳಂನಲ್ಲಿ ಕೇಳಿದ: “ಸಾರ್, ನಿಮ್ಮನ್ನ ಕಂಪೆನಿಯವರು ಕಳಿಸಿದ್ದಾ?”

ಚೇಚಿ ಅವನಿಗೆ ಶೆಡ್ಡಿನ ವಿಷಯ ಏನೂ ಹೇಳಿರಲಿಲ್ಲವೆಂದು ಆಗ ಗೊತ್ತಾಯಿತು. ನನಗೆ ಅವರ ಮೇಲೆ ಸಿಟ್ಟು ಬಂತು, ಸಂಕಟವೂ ಆಯಿತು. ಹೆತ್ತ ತಾಯಿ ಹೇಳಿದ್ದರೆ ನಂಬುತ್ತಿದ್ದನೇನೋ...

ಈಗ ಅವನು ಶೆಡ್ಡನ್ನು ದೊಡ್ಡದು ಮಾಡಿದ್ದಾನೆ. ಅದನ್ನು ಗುಡಿಸುವುದು ಅವನ ಹೆಂಡತಿ. ಹೋದ ವಾರ ನನ್ನವಳಿಗೆ ಫೋನು ಮಾಡಿದ್ದಳು, ಮಾತಿನ ನಡುವೆ ಎರಡು ಸಲ ಕೆಮ್ಮಿದಳಂತೆ. ಕಂಪೆನಿ ಮುಚ್ಚಿ ಎಷ್ಟೋ ಕಾಲವಾಯಿತು. ಅವರಿಗೆ ಈಗ ರಸ್ತೆಯ ಧೂಳಿನ ಮೇಲೆ ಅನುಮಾನವಂತೆ.