ದೀಪಾವಳಿಯ ಗ್ರಹಣ ಮತ್ತು ಅಣ್ಣನ ಒಂದು ಕಣ್ಣು

ಮುಳುಗುವ ಸೂರ್ಯನನ್ನು ಬರಿಗಣ್ಣಿನಿಂದ ನೋಡಿದರೆ ಏನೂ ಆಗುವುದಿಲ್ಲವೆಂದು ನಂಬಿದವರಲ್ಲಿ ನನ್ನ ಅಣ್ಣನೂ ಒಬ್ಬ. ಹಾಗೆ ನಂಬಲು ಅವನಿಗೆ ಕಾರಣವಿತ್ತು. ಉಪನಯನವಾದ ದಿನದಿಂದ ಎಪ್ಪತ್ತು ದಾಟುವವರೆಗೂ ಅವನು ಸಂಜೆಯ ಅರ್ಘ್ಯ ತಪ್ಪಿಸಿದವನಲ್ಲ. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ನೌಕರಿ ಮಾಡುತ್ತಿದ್ದಾಗಲೂ ಗೋದಾಮಿನ ಹಿಂದಿನ ನಲ್ಲಿಯ ಬಳಿ ನಿಂತು, ಲಾರಿಗಳ ಸಾಲಿನ ಮೇಲೆ ಇಳಿಯುವ ಕೆಂಪು ಬಿಂಬವನ್ನು ನೋಡುತ್ತ ಬೊಗಸೆಯಿಂದ ನೀರು ಬಿಡುತ್ತಿದ್ದ. ಅದೇ ಪೇಟೆಯಲ್ಲಿ ಸರಳು ಕತ್ತರಿಸುವಾಗ ಸಿಡಿದ ಚೂರೊಂದು ಅವನ ಎಡಗಣ್ಣನ್ನು ಕಿತ್ತುಕೊಂಡಿತು. ಸೂರ್ಯ ಏನೂ ಮಾಡಲಿಲ್ಲ, ಕಬ್ಬಿಣ ಮಾಡಿತು ಎಂಬುದು ಅವನ ವಾದ.

ಉಳಿದದ್ದು ಬಲಗಣ್ಣು. ಡೊಂಬಿವಲಿಯ ಆ ಮನೆ ನಡೆಯುತ್ತಿದ್ದುದೇ ಆ ಒಂದು ಕಣ್ಣಿನ ಮೇಲೆ. ನನ್ನ ಅತ್ತಿಗೆಗೆ, ನಮ್ಮ ಕಡೆಯ ಮಾತಿನಲ್ಲಿ ವೈನಿಗೆ, ಮಂಡಿನೋವು. ಮೆಟ್ಟಿಲು ಇಳಿಯುವುದೇ ಕಷ್ಟ. ಮಗ ಸೊಸೆ ಪುಣೆಯಲ್ಲಿದ್ದಾರೆ. ಜೊತೆಗಿರುವ ಮೊಮ್ಮಗಳು ಬೆಳಗಿನ ಲೋಕಲ್ ಹಿಡಿದು ಕಾಲೇಜಿಗೆ ಹೋದರೆ ಬರುವುದು ಸಂಜೆಗೇ. ತರಕಾರಿ ತರುವುದು, ರಸ್ತೆ ದಾಟುವುದು, ಮಾತ್ರೆಯ ಪೊಟ್ಟಣದ ಮೇಲಿನ ಅಕ್ಷರ ಓದುವುದು, ಎಲ್ಲವೂ ಅಣ್ಣನ ಪಾಲಿನದು. ಅದನ್ನು ಅವನು ಗರ್ವದಿಂದಲೇ ಮಾಡುತ್ತಿದ್ದ.

ಆ ವರ್ಷ ಲಕ್ಷ್ಮೀಪೂಜೆಯ ಮರುದಿನ ಸಂಜೆಯೇ ಗ್ರಹಣ ಬಂದಿತು. ಸೂರ್ಯನ ಅಂಚನ್ನಷ್ಟೇ ಕಚ್ಚುವ ಗ್ರಹಣ. ಆದರೆ ಅದು ಬಿಡುವ ಮೊದಲೇ ನಮ್ಮಲ್ಲಿ ಸೂರ್ಯ ಮುಳುಗುವವನಿದ್ದ. ಇದಕ್ಕೆ ಗ್ರಸ್ತಾಸ್ತ ಎನ್ನುತ್ತಾರೆ. ಆಚಾರವಂತರಿಗೆ ಇದು ಕಠಿಣ. ಹಗಲು ಉಪವಾಸ, ರಾತ್ರಿಯೂ ಉಪವಾಸ, ಮರುದಿನ ಉದಯಿಸಿದ ಸೂರ್ಯನ ಶುದ್ಧ ಬಿಂಬವನ್ನು ಕಣ್ಣಾರೆ ಕಂಡ ಮೇಲೆಯೇ ಊಟ. ಅಣ್ಣ ಇಂಥದರಲ್ಲಿ ರಿಯಾಯಿತಿ ತೆಗೆದುಕೊಳ್ಳುವವನಲ್ಲ.

ನಾನು ಹಬ್ಬಕ್ಕೆ ಘಣಸೋಲಿಯಿಂದ ಅಣ್ಣನ ಮನೆಗೆ ಹೋಗಿದ್ದೆ. ಹೋಗುವ ಮೊದಲೇ ಠಾಣೆಯ ಆಕಾಶವೀಕ್ಷಕರ ಮಂಡಳಿಯೊಂದರಿಂದ ರಟ್ಟಿನ ಗ್ರಹಣ ಕನ್ನಡಕಗಳನ್ನು ತೆಗೆದುಕೊಂಡೆ. ಬೇಲಾಪುರದ ಕಚೇರಿಯಲ್ಲಿ ನಕಾಶೆ ಬಿಡಿಸುತ್ತ ಆಯುಷ್ಯ ಕಳೆದವನು ನಾನು. ಪರೀಕ್ಷಿಸದೆ ಯಾವುದನ್ನೂ ಒಪ್ಪುವುದಿಲ್ಲ. ಒಂದೊಂದನ್ನೂ ಹಾಕಿಕೊಂಡು ಮನೆಯ ಟ್ಯೂಬ್‌ಲೈಟ್ ನೋಡಿದೆ: ಕಾಣಬಾರದು, ಕಾಣಲಿಲ್ಲ. ಕಪ್ಪು ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತಾಗಲಿ ಗೀರಾಗಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಡಚಿಹೋಗದಂತೆ ಎರಡು ದಪ್ಪ ರಟ್ಟುಗಳ ನಡುವೆ ಇಟ್ಟು ತಂದೆ.

ಮೇಜಿನ ಮೇಲೆ ಅವನ್ನು ಇಟ್ಟಾಗ ಅಣ್ಣ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದೇನಲೇ, ನಮ್ಮನ್ನೆಲ್ಲಾ ಸಿನೆಮಾಕ್ಕ ಕರಕೊಂಡ ಹೊಂಟೀಯೇನು?"

"ಅಣ್ಣಾ, ಗ್ರಹಣಾ ನೋಡೂದಿದ್ರ ಇದನ್ನ ಹಾಕ್ಕೊಂಡ ನೋಡು. ನಿನಗ ಇರೂದು ಒಂದ ಕಣ್ಣು."

"ಹಂಗಾದ್ರ ನನಗ ಅರ್ಧಾ ಸಾಕು. ಇನ್ನರ್ಧಾ ಕತ್ತರಿಸಿ ನೀನ ಇಟ್ಕೋ. ಮುಂದಿನ ಗ್ರಹಣಕ್ಕ ಬರ್ತದ."

ಮೊಮ್ಮಗಳು ನಕ್ಕಳು. ವೈನಿಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ನಗಲಿಲ್ಲ. ಇಂಥ ಮಾತು ನನಗೆ ಹೊಸದಲ್ಲ. ಘಣಸೋಲಿಯಲ್ಲಿ ನನ್ನ ಮನೆಯ ಗೃಹಪ್ರವೇಶವಾದಾಗ ಅಣ್ಣ ಪಂಕ್ತಿ ಎದ್ದ ಮೇಲೆ ಬಂದ. ಬಂದವನೇ ಅಡುಗೆಮನೆಯ ನಲ್ಲಿ ತಿರುಗಿಸಿ, "ನೀರಿಗೆ ಜೋರಿಲ್ಲಲೇ" ಎಂದ. ಅಷ್ಟು ಜನರಲ್ಲಿ ಅವನಿಗೆ ಕಂಡದ್ದು ಅದೊಂದೇ. ನಾನು ಕನ್ನಡಕಗಳನ್ನು ಜೋಡಿಸಿ ಮತ್ತೆ ರಟ್ಟಿನ ನಡುವೆ ಇಟ್ಟೆ.

ಸಂಜೆಗೆ ಟೆರೇಸಿಗೆ ಹೋದೆವು. ನೀರಿನ ಟಾಕಿಯ ಬಳಿ ನಿಂತರೆ ಪಡುವಣದಲ್ಲಿ ಖಾಡಿಯ ಹಿನ್ನೀರಿನ ಆಚೆ ಮುಂಬ್ರಾದ ಗುಡ್ಡಗಳು ಕಾಣುತ್ತವೆ. ಪಟಾಕಿಯ ಹೊಗೆ ತೆಳ್ಳಗೆ ಹರಡಿ, ಸೂರ್ಯ ತಾಮ್ರದ ತಟ್ಟೆಯಂತೆ ಮೆತ್ತಗೆ ಕಾಣುತ್ತಿದ್ದ. ಮೋಸವಿದ್ದದ್ದು ಆ ಮೆತ್ತಗಿನ ನೋಟದಲ್ಲೇ. ನಡುಹಗಲಿನ ಸೂರ್ಯನಾದರೆ ನೋಡೆಂದರೂ ಯಾರೂ ನೋಡಲಾರರು. ಕಣ್ಣು ತಾನಾಗಿ ಮುಚ್ಚುತ್ತದೆ. ಸಂಜೆಯವನು ಮುಚ್ಚಗೊಡುವುದಿಲ್ಲ.

ಗ್ರಹಣ ನೋಡಬಾರದೆಂಬ ಹೆದರಿಕೆ ವೈನಿಗೆ ಇತ್ತು, ನೋಡುವ ಆಸೆಯೂ ಇತ್ತು. ಅವರಿಗೆಂದು ನಾನು ಬೂಂದಿ ಕರಿಯುವ ಝಾರಾ ಮೇಲಕ್ಕೆ ತಂದಿದ್ದೆ. ಸೂರ್ಯನಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರಿಸಿ, ಟಾಕಿಯ ಬಿಳಿ ಗೋಡೆಯಿಂದ ಕೆಲವು ಹೆಜ್ಜೆ ಹಿಂದೆ ಝಾರಾ ಎತ್ತಿ ಹಿಡಿದೆ. ಅದರ ಒಂದೊಂದು ತೂತಿನಿಂದಲೂ ಒಂದೊಂದು ಪುಟ್ಟ ಸೂರ್ಯ ಗೋಡೆಯ ಮೇಲೆ ಬಿದ್ದ. ಪ್ರತಿಯೊಬ್ಬನ ಅಂಚಿನಲ್ಲೂ ಕಚ್ಚಿದ ಗುರುತು.

"ಅಯ್ಯ, ಯಾರೋ ಎಲ್ಲಾ ಉಂಡಿ ಎಂಜಲಾ ಮಾಡ್ಯಾರ!" ಎಂದರು ವೈನಿ.

ಮೊಮ್ಮಗಳು ಕನ್ನಡಕ ಹಾಕಿಕೊಂಡು ನೋಡಿ, ತೆಗೆಯುವ ಮೊದಲು ಮುಖವನ್ನು ಬೇರೆ ಕಡೆ ತಿರುಗಿಸಿದಳು. ನಾನು ಹೇಳಿಕೊಟ್ಟದ್ದನ್ನು ಅವಳು ಒಂದೇ ಸಲಕ್ಕೆ ಕಲಿತಿದ್ದಳು. ಅಣ್ಣ ಮಾತ್ರ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಬಂದು, ತಂಬಿಗೆ ಪಕ್ಕದಲ್ಲಿಟ್ಟುಕೊಂಡು, ಪಡುವಣಕ್ಕೆ ಮುಖ ಮಾಡಿ ನಿಂತ. ಬರಿಗಣ್ಣು.

"ಅಣ್ಣಾ, ಗ್ವಾಡಿ ಮ್ಯಾಲೆ ಅರೆ ನೋಡು. ಛಲೋ ಕಾಣಸ್ತದ."

"ಗ್ವಾಡಿ ಮ್ಯಾಲಿನ ಸೂರ್ಯಾಗ ಅರ್ಘ್ಯಾ ಕೊಡ್ಲೇನು?"

"ಹಂಗಾದ್ರ ಕನ್ನಡಕಾ ಹಾಕ್ಕೋ."

"ಮಾರಿಗೆ ರಟ್ಟು ಕಟಗೊಂಡು ದೇವರ ಮುಂದ ನಿಂದರ್ತಾರೇನಲೇ? ದಿನಾ ನೋಡೂ ಸೂರ್ಯಾ ಇಂವ. ಅರ್ಧಾ ನಂದಿಹೋಗ್ಯಾನ."

"ದಿನಾ ನೋಡೂದು ಒಂದು ಕ್ಷಣ. ಇವತ್ತ ನೀ ಜಪಾ ಮಾಡಕೋತ ದಿಟ್ಟಿಸಾಂವ. ಅಪ್ಪಾ ಏನ ಹೇಳ್ತಿದ್ರು? ಗ್ರಹಣ ಹಿಡದ ಸೂರ್ಯನ್ನ ನೋಡಬಾರದು ಅಂತಿದ್ರೋ ಇಲ್ಲೋ?"

"ಅದು ಬಸರಿ ಹೆಂಗಸ್ರಿಗೆ ಹೇಳಿದ್ದು."

ಅಪ್ಪ ಹಾಗೆ ಹೇಳಿರಲಿಲ್ಲ. ವಿಜಯಪುರದ ಮನೆಯ ಪಡಸಾಲೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿ, ಉದಯಿಸುವವನನ್ನೂ ಮುಳುಗುವವನನ್ನೂ ಗ್ರಹಣ ಹಿಡಿದವನನ್ನೂ ದಿಟ್ಟಿಸಬೇಡಿರೆಂದು ನಮ್ಮಿಬ್ಬರಿಗೂ ಹೇಳಿದ್ದರು. ಹಿರಿಯ ಮಗನೆಂಬ ಅಧಿಕಾರದಿಂದ ಅಣ್ಣ ತನಗೆ ಬೇಡವಾದ ಅರ್ಧವನ್ನು ಕೈಬಿಟ್ಟಿದ್ದ. ತಡೆಯಲಾರದೆ ನಾನು ಹೋಗಿ ಅವನ ಎದುರಿಗೆ, ನನ್ನ ನೆರಳು ಅವನ ಮುಖದ ಮೇಲೆ ಬೀಳುವಂತೆ ನಿಂತೆ. ಅವನ ಜಪ ನಿಂತಿತು.

"ಸರೀ ಅಲ್ಲಿಂದ. ನಿನಗ ನನ್ನ ಕಣ್ಣಿನ ಕಾಳಜಿ ಇಲ್ಲ, ನಿನ್ನ ಮಾತ ಗೆಲ್ಲೂ ಕಾಳಜಿ ಅದ."

ನೆರೆಯವರು ಕೇಳಿಸಿಕೊಂಡರು. ಟೆರೇಸಿನ ತುಂಬ ಜನವಿತ್ತು. ನಾನು ಝಾರಾ ತೆಗೆದುಕೊಂಡು ಕೆಳಗಿಳಿದೆ. ಸೂರ್ಯ ಗುಡ್ಡದ ಹಿಂದೆ ಹೋಗುವವರೆಗೂ ಅಣ್ಣ ಕದಲಲಿಲ್ಲವೆಂದು ವೈನಿ ಆಮೇಲೆ ಹೇಳಿದರು.

ಮರುದಿನ ಪಾಡ್ಯ. ಬೆಳಗಾಗುತ್ತಲೇ ಎಲ್ಲರೂ ಸ್ನಾನ ಮುಗಿಸಿ ಮತ್ತೆ ಮೇಲಕ್ಕೆ ಹೋದೆವು. ಗ್ಯಾಸಿನ ಮೇಲೆ ಅನ್ನ ಬೇಯುತ್ತಿತ್ತು. ಬಿಂಬ ಕಂಡೊಡನೆ ಊಟ. ಮಂಡಿ ಹಿಡಿದುಕೊಂಡು ವೈನಿಯೂ ಹತ್ತಿ ಬಂದರು. ಮಲಂಗಗಡದ ಬೆಟ್ಟದ ಕಡೆಯಿಂದ ಸೂರ್ಯ ಎದ್ದ. ನಾನು ಕನ್ನಡಕ ಹಾಕಿಕೊಂಡು ನೋಡಿದೆ: ದುಂಡಗೆ, ಎಲ್ಲಿಯೂ ಕೊರತೆಯಿಲ್ಲದ ಬಿಂಬ. ಮೊಮ್ಮಗಳೂ ನೋಡಿದಳು.

ಅಣ್ಣ ಕೈ ಜೋಡಿಸಿ ನೋಡಿದ. ಕಣ್ಣು ಉಜ್ಜಿಕೊಂಡ. "ಇನ್ನೂ ಬಿಟ್ಟಿಲ್ಲ" ಎಂದ.

"ಏನ ಬಿಟ್ಟಿಲ್ಲ?"

"ಗ್ರಹಣ. ಅಂಚಿಗೆ ಬೆಳಕದ, ನಡುವ ಕರ್ರಗದ."

ಮೊಮ್ಮಗಳು ನಕ್ಕು ಮರಾಠಿಯಲ್ಲಿ, "ಅಜ್ಜಾ, ಮಸ್ಕರಿ ನಕೋ, ಭೂಕ್ ಲಾಗಲೀ ಆಹೇ" ಎಂದಳು. ತಮಾಷೆ ಸಾಕು, ಹಸಿವೆಯಾಗಿದೆ ಎಂದು. ನನಗೆ ತಮಾಷೆಯೆನಿಸಲಿಲ್ಲ. ಅವನ ತೋಳು ಹಿಡಿದು ಸೂರ್ಯನಿಂದ ಈಚೆಗೆ ತಿರುಗಿಸಿದೆ. ಅವನು ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದ, ನೋಡಿ ಸಿಡುಕಿದ.

"ಹಬ್ಬದ ದಿನಾ ಹಣಿಗೆ ಕುಂಕುಮಾ ಇಲ್ಲದ ಬಂದೀಯಲ್ಲ?"

ವೈನಿ ಗಾಬರಿಯಿಂದ ಹಣೆ ಮುಟ್ಟಿಕೊಂಡರು. ಬೆರಳಿಗೆ ಕೆಂಪು ಹತ್ತಿತು. ಆ ಬೆರಳನ್ನು ಅವನ ಮುಂದೆ ಹಿಡಿದರು. ಅಣ್ಣ ಆ ಬೆರಳಿನ ಕಡೆಗೆ ಬಹಳ ಹೊತ್ತು ನೋಡಿದ.

ಕೆಳಗೆ ಬಂದ ಮೇಲೆ ತಟ್ಟೆಯ ಮುಂದೆ ಕುಳಿತ, ಆದರೆ ಕೈ ಹಚ್ಚಲಿಲ್ಲ. ಹಿಂದಿನ ದಿನವಿಡೀ ಉಪವಾಸವಿದ್ದ ಜೀವ.

"ಬಿಂಬಾ ಕಂಡಿಲ್ಲ. ನಾ ಉಣ್ಣಂಗಿಲ್ಲ."

"ಉಣ್ರಿ, ದವಾಖಾನಿಗೆ ಹೋಗಬೇಕು," ಎಂದರು ವೈನಿ. ಅವನು ತಲೆಯಲ್ಲಾಡಿಸಿದ.

ಹಿಂದಿನ ಸಂಜೆ ಅವನು ನೆರೆಯವರ ಮುಂದೆ ಆಡಿದ ಮಾತಿಗೆ ನನ್ನ ಉತ್ತರ ಸಿದ್ಧವಿತ್ತು. ರಾತ್ರಿ ಮಲಗಿದಲ್ಲೇ ಅದನ್ನು ಶಬ್ದಶಬ್ದವಾಗಿ ತಿದ್ದಿಟ್ಟುಕೊಂಡಿದ್ದೆ. ಅವನು ಮುಟ್ಟದ ತಟ್ಟೆ ನೋಡುತ್ತ ಬೇರೊಂದು ಮಾತು ತೆಗೆದೆ.

"ಅಣ್ಣಾ, ಮಳಿಗಾಲದಾಗ ಗ್ರಹಣಾದ್ರ ಏನ ಮಾಡ್ತೀವಿ? ಮೋಡದಾಗ ಬಿಂಬಾ ಕಾಣಸಂಗಿಲ್ಲ."

"ಪಂಚಾಂಗದ ಹೊತ್ತು ಮೀರಿದ ಮ್ಯಾಲೆ ಉಣ್ತೀವಿ."

"ಇದನ್ನೂ ಮೋಡಾ ಅಂತ ತಿಳಕೋ. ಹೊತ್ತು ಮೀರೇದ. ಬಿಂಬಾ ನಾ ನೋಡೀನಿ."

"ನೀ ನೋಡೀಯಾ?"

"ನೋಡೀನಿ. ಪೂರಾ ದುಂಡಗದ."

ಅಣ್ಣ ಕೇಳಿದ: "ಕನ್ನಡಕಾ ಹಾಕ್ಕೊಂಡೋ, ಹಂಗನೋ?"

"ಹಾಕ್ಕೊಂಡು."

"ಬಡಸ್ರಿ ಹಂಗಾದ್ರ," ಎಂದ. ಹುಟ್ಟಿದಂದಿನಿಂದ ನನ್ನ ಯಾವ ಮಾತನ್ನೂ ಎರಡನೆಯ ಸಾಕ್ಷಿಯಿಲ್ಲದೆ ಒಪ್ಪಿದವನಲ್ಲ ಅವನು. ಆ ದಿನ ನಾನು ಕಂಡದ್ದನ್ನು ನಂಬಿ ಉಂಡ. ಅನ್ನ ಎಲ್ಲಿದೆ, ಸಾರು ಎಲ್ಲಿದೆಯೆಂದು ಬೆರಳಿನಿಂದ ಹುಡುಕಿಕೊಂಡು ಉಂಡ.

ಠಾಣೆಯ ಕಣ್ಣಿನ ವೈದ್ಯೆ ಯಂತ್ರದ ಮುಂದೆ ಅವನ ಗದ್ದ ಇರಿಸಿ, ಕಣ್ಣಿನ ಒಳಪರದೆಯ ಚಿತ್ರ ತೆಗೆದು ನಮಗೆ ತೋರಿಸಿದರು. ನೇರ ನೋಟ ಬೀಳುವ ನಡುಮಧ್ಯದಲ್ಲೇ ಒಂದು ಸಣ್ಣ ತಗ್ಗು. ಎಷ್ಟು ಹೊತ್ತು ನೋಡಿದಿರೆಂದು ಮರಾಠಿಯಲ್ಲಿ ಕೇಳಿದಾಗ ಅಣ್ಣ "ಥೋಡಾ" ಎಂದ. "ಮುಳುಗುವವರೆಗೂ" ಎಂದು ನಾನು ತಿದ್ದಿದೆ. ಅವರು ಬೈಯಲಿಲ್ಲ. ಆ ಪರದೆಗೆ ನೋವು ತಿಳಿಯುವುದಿಲ್ಲ, ಸುಡುವಾಗ ಸುಡುತ್ತಿದೆಯೆಂದು ಅದು ಹೇಳುವುದಿಲ್ಲ, ಆದ್ದರಿಂದಲೇ ಜನ ನೋಡುತ್ತಲೇ ಇರುತ್ತಾರೆ ಎಂದರು. ಹಾಕಲು ಔಷಧಿಯಿಲ್ಲ, ಕಾಯಬೇಕು, ಕೆಲವರಿಗೆ ತಾನಾಗಿ ತುಂಬಿಕೊಳ್ಳುತ್ತದೆ, ಕೆಲವರಿಗೆ ಇಲ್ಲ. ಇನ್ನೊಂದು ಕಣ್ಣನ್ನು ನೋಡಲು ಅವರು ದೀಪ ತಿರುಗಿಸಿದಾಗ ಅಣ್ಣನೇ, "ಅಲ್ಲಿ ಏನೂ ಇಲ್ರಿ" ಎಂದು ಕನ್ನಡದಲ್ಲೇ ಹೇಳಿದ.

ಆ ಚಳಿಗಾಲವೆಲ್ಲ ನಾನು ವಾರ ತಪ್ಪದೆ ಡೊಂಬಿವಲಿಗೆ ಹೋಗಿ ತರಕಾರಿ ತಂದೆ, ಮಾತ್ರೆಗಳನ್ನು ಬೇರೆಬೇರೆ ಡಬ್ಬಿಗೆ ಹಾಕಿಕೊಟ್ಟೆ. ಅಣ್ಣ ಒಮ್ಮೆಯೂ, ನೀನು ಹೇಳಿದ್ದು ಸರಿಯಿತ್ತು ಎನ್ನಲಿಲ್ಲ. ಮೆಂತ್ಯ ಬಲಿತಿದೆ ಎಂದ. ಕಣ್ಣು ಕಾಣದಿದ್ದರೂ ಮುಟ್ಟಿ ಕಂಡುಹಿಡಿದ. ಇದನ್ನೂ ನಾನು ಮರೆತಿಲ್ಲ.

ಯುಗಾದಿಯ ಹೊತ್ತಿಗೆ ನಡುವಿನ ಕಪ್ಪು ಕುಗ್ಗಿ ಎಳ್ಳಿನಷ್ಟಾಯಿತು. ಅಲ್ಲಿಗೇ ನಿಂತಿತು. ದಪ್ಪ ಅಕ್ಷರ ಓದುತ್ತಾನೆ. ಪೊಟ್ಟಣದ ಮೇಲಿನದು ಓದಲಾರ. ರಸ್ತೆಯನ್ನು ಮೊಮ್ಮಗಳ ಕೈ ಹಿಡಿದು ದಾಟುತ್ತಾನೆ. ಸಂಜೆಯ ಅರ್ಘ್ಯ ಬಿಟ್ಟಿಲ್ಲ, ಆದರೆ ಈಗ ಕಣ್ಣು ಮುಚ್ಚಿಕೊಂಡು ಬಿಡುತ್ತಾನೆ. ದೃಷ್ಟಿ ನೆಟ್ಟ ಜಾಗವೇ ಅವನಿಗೆ ಕಾಣುವುದಿಲ್ಲ. ಏನನ್ನಾದರೂ ನೋಡಬೇಕಾದರೆ ಅದರ ಪಕ್ಕಕ್ಕೆ ನೋಡಬೇಕು.

ಮಾತನಾಡುವಾಗ ಮುಖ ನೋಡದವರನ್ನು ನಾನು ಸಹಿಸಿದವನಲ್ಲ. ಕಚೇರಿಯಲ್ಲಿ ಹಾಗೆ ಮಾತನಾಡಿಸಿದ ಮೇಲಧಿಕಾರಿಯೊಬ್ಬನ ಬೀಳ್ಕೊಡುಗೆಗೆ ನಾನು ಹೋಗಲಿಲ್ಲ. ಕಳೆದ ವಾರ ಅಣ್ಣನ ಎದುರಿಗೆ ಕುಳಿತಿದ್ದಾಗ ಅವನು ನನ್ನ ಎಡಗಿವಿಯನ್ನೇ ನೋಡುತ್ತ ಮಾತನಾಡುತ್ತಿದ್ದ. ಹಳೆಯ ಅಭ್ಯಾಸದಿಂದ ನನಗೆ ಸಿಟ್ಟು ಬಂತು.

"ಅತ್ತ ಯಾರದಾರ? ನನ್ನ ಕೂಡ ಮಾತಾಡ್ಲಿಕತ್ತೀಯಿಲ್ಲೋ?"

"ಸುಮ್ನ ಕೂಡಲೇ. ನಿನ್ನ ಮಾರೀನ ನೋಡ್ಲಿಕತ್ತೀನಿ," ಎಂದ. ಮುಖ ಇನ್ನಷ್ಟು ಓರೆ ಮಾಡಿ, ನನ್ನ ಭುಜದ ಆಚೆ ಎಲ್ಲೋ ದೃಷ್ಟಿ ಇಟ್ಟು, "ಮುದುಕಾಗಿ ಲೇ. ಗಡ್ಡಾ ಸುದ್ಧಾ ಸರಿ ಮಾಡ್ಕೊಂಡಿಲ್ಲ," ಎಂದ.

ಗದ್ದ ಮುಟ್ಟಿ ನೋಡಿಕೊಂಡೆ. ನಿಜವಾಗಿಯೂ ಒಂದು ಕಡೆ ಉಳಿದಿತ್ತು.